ಕಾರವಾರ ಸೀಮೆಯ ರಾಜಿ-ಪಂಚಾಯಿತಿಗಳೂ ಅಸ್ಪೃಶ್ಯತೆಯ ದೂರುಗಳೂ

ಜಗಳವನ್ನು ಕಚೇರಿಯ ಮೆಟ್ಟಿಲು ಹತ್ತಿಸದೆ ಊರಿನಲ್ಲಿಯೇ ಮುಗಿಸಿಕೊಳ್ಳುವುದು ಮೇಲೆಂಬ ಭಾವನೆ ನಮ್ಮ ಜನರಲ್ಲಿ ಬಹು ಹಿಂದಿನಿಂದಲೂ ಬೇರೂರಿದೆ. ಹೊಲದ ಬದುವಿನ ತಂಟೆ, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮುನಿಸು, ಸಾಲದ ಲೆಕ್ಕ ಇವುಗಳನ್ನು ಹೊತ್ತು ಮಠಗಳ ಬಾಗಿಲಿಗೆ ಬರುವ ಸದ್ಭಕ್ತರಿಗೆ ಇಂದಿಗೂ ಕೊರತೆಯಿಲ್ಲ. ಇಂಥವುಗಳನ್ನು ಹತ್ತು ಜನ ಹಿರಿಯರು ಕುಳಿತು ಬಗೆಹರಿಸಿದರೆ ಎರಡು ಮನೆಗಳು ಉಳಿಯುತ್ತವೆ, ವಕೀಲರ ಖರ್ಚೂ ಉಳಿಯುತ್ತದೆ. ಆದರೆ ಜಾತಿಯ ಕಾರಣದಿಂದ ಒಬ್ಬನಿಗೆ ಕೆರೆಯ ನೀರನ್ನೋ ದೇವಾಲಯದ ಬಾಗಿಲನ್ನೋ ಊರಿನ ದಾರಿಯನ್ನೋ ನಿರಾಕರಿಸಿದಾಗ, ಅವನು ಕೊಡುವ ದೂರನ್ನೂ ಇದೇ ರೀತಿಯಲ್ಲಿ ಮುಗಿಸಬಹುದೆ? ಈ ಪ್ರಶ್ನೆಯನ್ನು ಧರ್ಮಶಾಸ್ತ್ರದ ಮುಂದಿಡುವುದಕ್ಕಿಂತ ಚರಿತ್ರೆಯ ಮುಂದಿಡುವುದು ಲೇಸೆಂದು ನಮಗೆ ತೋರುತ್ತದೆ. ಅದಕ್ಕೆ ಕಾರವಾರ-ಅಂಕೋಲೆಗಳ ಸೀಮೆಯಷ್ಟು ಅನುಕೂಲವಾದ ಕ್ಷೇತ್ರ ಕನ್ನಡ ನಾಡಿನಲ್ಲಿ ವಿರಳ. ಜಾತಿಪಂಚಾಯಿತಿಗಳು ಬಲವಾಗಿ ಬಾಳಿದ ನೆಲ ಇದು. ಮುಂಬಯಿ ಪ್ರಾಂತದ ಸುಧಾರಣಾ ಕಾನೂನುಗಳನ್ನು ಕಂಡ ನೆಲ. ಗಾಂಧೀಜಿಯವರ ಹರಿಜನ ಯಾತ್ರೆಯೂ ಇಲ್ಲಿ ಹಾದುಹೋಯಿತು.

ಕೆನರಾ ಜಿಲ್ಲೆಯನ್ನು ಆಂಗ್ಲ ಸರಕಾರ ಇಬ್ಭಾಗ ಮಾಡಿ, ಉತ್ತರ ಭಾಗವನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದ್ದು ೧೮೬೨ರಲ್ಲಿ. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು; ಕಲೆಕ್ಟರರ ಕಚೇರಿಯೂ ಜಿಲ್ಲಾ ನ್ಯಾಯಾಲಯವೂ ಅಲ್ಲಿ ನೆಲೆಗೊಂಡವು. ೧೮೮೩ರ ಸುಮಾರಿಗೆ ಅಲ್ಲಿ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಠಾಕೂರರು. ಐ.ಸಿ.ಎಸ್. ಹುದ್ದೆಗೆ ಆಯ್ಕೆಯಾದ ಮೊದಲ ಭಾರತೀಯರಿವರು. ಅಣ್ಣನ ಮನೆಗೆ ಬಂದು ಕೆಲಕಾಲ ತಂಗಿದ್ದ ಇಪ್ಪತ್ತೆರಡರ ಹರೆಯದ ರವೀಂದ್ರನಾಥರು ಇಲ್ಲಿಯ ಕಡಲತೀರದಲ್ಲಿ ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವನ್ನು ರಚಿಸಿದರು. ೧೮೮೪ರಲ್ಲಿ ಅದು ಪ್ರಕಟವಾಯಿತು. ಲೋಕದ ಬಂಧವನ್ನೆಲ್ಲ ಹರಿದುಕೊಂಡೆನೆಂದು ಬೀಗುವ ಒಬ್ಬ ಸಂನ್ಯಾಸಿ. ಊರವರೆಲ್ಲ ಮೈಲಿಗೆಯೆಂದು ದೂರ ಸರಿಸಿದ ಒಬ್ಬ ಅನಾಥ ಬಾಲಿಕೆ. ಆಕೆ ಇವನನ್ನು ಆಶ್ರಯಿಸುತ್ತಾಳೆ. ಮಮತೆಗೆ ಹೆದರಿದ ಇವನು ಅವಳನ್ನು ತೊರೆದು ಹೋಗುತ್ತಾನೆ. ಮರಳಿ ಬರುವಷ್ಟರಲ್ಲಿ ಅವಳು ಇಲ್ಲ. ಕಾವಿ ತೊಟ್ಟ ನಮ್ಮಂಥವರು ಒಮ್ಮೆಯಾದರೂ ಓದಬೇಕಾದ ನಾಟಕವಿದು. ಆ ಬಾಲಿಕೆಯನ್ನು ಹೊರಗಟ್ಟಿದವರ ಮೇಲೆ ದೂರು ಕೇಳುವವರು ನಾಟಕದಲ್ಲಿ ಯಾರೂ ಇಲ್ಲ. ಅಂದಿನ ಕಾರವಾರದಲ್ಲಿಯಾದರೂ ಇದ್ದರೆ?

ಅಣ್ಣನ ನ್ಯಾಯಾಲಯವಿತ್ತು, ನಿಜ. ಆದರೆ ಹಳ್ಳಿಗರ ಬದುಕಿನ ಬಹುಭಾಗ ಅದರ ಅಳವಿಗೆ ಬರುತ್ತಿರಲಿಲ್ಲ. ೧೮೮೩ರಲ್ಲಿ ಹೊರಬಂದ ಮುಂಬಯಿ ಸರಕಾರದ ಕೆನರಾ ಗೆಜೆಟಿಯರನ್ನು ತೆರೆದು ನೋಡಿದರೆ, ಜಿಲ್ಲೆಯ ಒಂದೊಂದು ಸಮುದಾಯದ ವರ್ಣನೆಯಲ್ಲಿಯೂ ಅದರ ಪಂಚಾಯಿತಿಯ ಮಾತು ಬರುತ್ತದೆ. ಹಾಲಕ್ಕಿ ಒಕ್ಕಲಿಗರ ವ್ಯವಸ್ಥೆಯನ್ನೇ ನೋಡೋಣ. ಪ್ರತಿ ಕೊಪ್ಪಕ್ಕೆ ಒಬ್ಬ ಗೌಡ, ಅವನ ಸಹಾಯಕ್ಕೆ ಬುಧವಂತ, ಜನರನ್ನು ಕರೆತರಲು ಕೋಲಕಾರ. ಹಲವು ಕೊಪ್ಪಗಳು ಕೂಡಿದರೆ ಸೀಮೆ, ಸೀಮೆಗೊಬ್ಬ ಸೀಮೆಗೌಡ. ಮದುವೆ, ಬಿಡುಗಡೆ, ಬೈಗುಳ, ನಡತೆ ತಪ್ಪಿದ ದೋಷ ಎಲ್ಲವೂ ಈ ಕೂಟದ ಮುಂದೆ ಬರುತ್ತಿದ್ದವು. ಕರಾವಳಿಯ ಇತರ ಅನೇಕ ಜನವರ್ಗಗಳಲ್ಲಿಯೂ ಹೆಸರು ಬೇರೆಯಾದರೂ ರೀತಿ ಇದೇ. ದಂಡ ಕಟ್ಟಿಸುವುದು, ಅದರಲ್ಲೊಂದು ಪಾಲನ್ನು ದೇವರಿಗೆ ಮುಡಿಪಿಡುವುದು, ಮಾತು ಕೇಳದವನನ್ನು ಬಹಿಷ್ಕರಿಸುವುದು ಇವು ಆಯುಧಗಳು. ಕೂಟದ ತೀರ್ಪಿಗೆ ಒಪ್ಪದವನು ಗುರುಪೀಠದವರೆಗೆ ಹೋಗಬಹುದಿತ್ತು. ಸಾರಸ್ವತರಿಗೆ ಗೋಕರ್ಣ ಪರ್ತಗಾಳಿ, ಕವಳೆ ಮಠಗಳು. ಹವ್ಯಕರಿಗೆ ರಾಮಚಂದ್ರಾಪುರ, ಸ್ವರ್ಣವಲ್ಲಿ. ಹೀಗೆ ಪ್ರತಿ ಸಮಾಜಕ್ಕೂ ಮೇಲ್ಮನವಿಯ ಸ್ಥಾನವೊಂದಿತ್ತು. ಪ್ರಾಯಶ್ಚಿತ್ತವನ್ನು ವಿಧಿಸಿ ಹೊರಗಾದವನನ್ನು ಒಳಗೆ ತೆಗೆದುಕೊಳ್ಳುವ ಅಧಿಕಾರ ಗುರುವಿಗಿತ್ತು. ನಮ್ಮ ಸಮಾಜದ ಮಠಗಳೂ ಈ ಕೆಲಸವನ್ನು ಮಾಡಿದವು. ಅದನ್ನು ಬಚ್ಚಿಡುವ ಕಾರಣವಿಲ್ಲ.

ಈ ಪಂಚಾಯಿತಿಗಳನ್ನು ಕೇವಲ ಮೌಢ್ಯದ ಕೂಟಗಳೆಂದು ಹಳಿಯುವವರೊಡನೆ ನಾವು ಪೂರ್ತಿಯಾಗಿ ಒಪ್ಪಲಾರೆವು. ಓದುಬರಹವಿಲ್ಲದ ಬಡವ ತನ್ನ ಭಾಷೆಯಲ್ಲಿ ತನ್ನ ಅಳಲನ್ನು ಹೇಳಿಕೊಳ್ಳಬಹುದಾಗಿದ್ದ ಸ್ಥಳ ಅದೊಂದೇ ಆಗಿತ್ತು. ಸಾಕ್ಷಿ ದೂರದಿಂದ ಬರಬೇಕಾಗಿರಲಿಲ್ಲ. ನಡೆದದ್ದು ಎಲ್ಲರಿಗೂ ಗೊತ್ತಿತ್ತು. ತೀರ್ಪು ಎರಡು ದಿನಗಳಲ್ಲಿ ಆಗುತ್ತಿತ್ತು. ಆದರೆ ಇದರ ಬುಡದಲ್ಲಿ ಒಂದು ಕಟ್ಟಳೆ ಇತ್ತು. ಒಂದು ಜಾತಿಯ ಕೂಟಕ್ಕೆ ಆ ಜಾತಿಯವರ ಮೇಲೆ ಮಾತ್ರ ಅಧಿಕಾರ. ಇಬ್ಬರು ಹಾಲಕ್ಕಿಗಳ ನಡುವಣ ವ್ಯಾಜ್ಯದಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬಲ್ಲರು. ಆಗೇರನೊಬ್ಬನಿಗೆ, ಮುಕ್ರಿಯೊಬ್ಬನಿಗೆ ಮೇಲ್ಜಾತಿಯ ಭೂಮಾಲಕನಿಂದ ಅಪಮಾನವಾದರೆ? ಅವನ ಕೂಟ ಭೂಮಾಲಕನನ್ನು ಕರೆಯಿಸಲಾರದು. ಭೂಮಾಲಕನ ಕೂಟ ಅವನನ್ನು ಹತ್ತಿರ ಸೇರಿಸದು. ಊರ ಹತ್ತು ಸಮಸ್ತರೇ ಕೂಡಿದರೂ ಆ ಹತ್ತರಲ್ಲಿ ಅವನ ಕಡೆಯವರು ಒಬ್ಬರೂ ಇಲ್ಲ. ಇದ್ದರೂ ಅಂಗಳದ ಅಂಚಿನಲ್ಲಿ ನಿಂತು ಕೇಳುವವರು. ದೂರಿನ ವಿಷಯವೇ ‘ನನ್ನನ್ನು ಹೊರಗೆ ನಿಲ್ಲಿಸಿದರು’ ಎಂಬುದಾಗಿರುವಾಗ, ದೂರನ್ನು ಕೇಳುವ ಸಭೆಯೂ ಅವನನ್ನು ಹೊರಗೇ ನಿಲ್ಲಿಸಿ ಕೇಳುತ್ತದೆ.

ಇನ್ನೊಂದು ಕಟ್ಟು ಅನ್ನದ್ದು. ಕರಾವಳಿಯ ಗದ್ದೆಗಳ ಬಹುಪಾಲು ಗೇಣಿಯ ಮೇಲೆ ನಡೆಯುತ್ತಿದ್ದವು. ಫಿರ್ಯಾದಿ ಯಾರ ಮೇಲೆ ದೂರಬೇಕೋ ಅವರ ಹಿತ್ತಿಲಲ್ಲಿಯೇ ಅವನ ಗುಡಿಸಲು, ಅವರ ಗದ್ದೆಯಲ್ಲಿಯೇ ಕೂಲಿ, ಅವರ ಕಣಜದಿಂದಲೇ ಮಳೆಗಾಲದ ಅಕ್ಕಿಯ ಸಾಲ. ಹೀಗಿರುವಾಗ ರಾಜಿಯೆಂದರೆ ಅವನು ಸುಮ್ಮನಾಗುವುದು ಎಂದೇ ಅರ್ಥವಾಗುತ್ತಿತ್ತು. ಅಂಕೋಲೆ ತಾಲೂಕಿನವರೇ ಆದ ದಿನಕರ ದೇಸಾಯಿಯವರು (೧೯೦೯–೧೯೮೨) ಭಾರತ ಸೇವಕ ಸಮಾಜದ ಸದಸ್ಯರಾಗಿ ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿ, ಅದಕ್ಕಾಗಿ ಸರಕಾರದಿಂದ ಗಡೀಪಾರಿನ ಶಿಕ್ಷೆಯನ್ನೂ ಉಂಡರು. ಮುಂದೆ ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ ಹಳ್ಳಿಹಳ್ಳಿಗೆ ಶಾಲೆಗಳನ್ನು ಕೊಟ್ಟರು; ಅಂಕೋಲೆಯ ಗೋಖಲೆ ಶತಾಬ್ದಿ ಮಹಾವಿದ್ಯಾಲಯ ೧೯೬೬ರಲ್ಲಿ ತೆರೆಯಿತು. ಚುಟುಕು ಕವಿಯೆಂದು ನಾಡು ನೆನೆಯುವ ಈ ಮಹನೀಯರು ಗೇಣಿಯ ಪ್ರಶ್ನೆಗೂ ಅಕ್ಷರದ ಪ್ರಶ್ನೆಗೂ ಒಟ್ಟಿಗೆ ಕೈಹಾಕಿದ್ದು ಸುಮ್ಮನೆ ಅಲ್ಲ. ಗೇಣಿಯ ಕಟ್ಟು ಕಾನೂನಿನಿಂದ ಪೂರ್ತಿ ಬಿಚ್ಚಿದ್ದು ೧೯೭೪ರ ಭೂಸುಧಾರಣೆಯಿಂದ. ಆದರೂ ಗೇಣಿಯ ಹಕ್ಕೂ ಇಲ್ಲದ ಬರಿಯ ಕೂಲಿಯವನಿಗೆ ಅದರಿಂದ ದೊರೆತದ್ದು ಅಲ್ಪ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ೧೯೨೩ರ ಆಗಸ್ಟಿನಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರು ತಂದ ಗೊತ್ತುವಳಿ ಅಂಗೀಕೃತವಾಯಿತು. ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳನ್ನು ಅಸ್ಪೃಶ್ಯರೆನಿಸಿದವರಿಗೂ ತೆರೆಯಬೇಕೆಂಬುದು ಅದರ ಸಾರ. ಕಾರವಾರ ಜಿಲ್ಲೆ ಆಗ ಮುಂಬಯಿ ಪ್ರಾಂತದ್ದೇ. ಆದರೆ ಗೊತ್ತುವಳಿಯನ್ನು ಜಾರಿಗೊಳಿಸುವವರು ಯಾರು? ಕೊಂಕಣ ಕರಾವಳಿಯ ಮಹಾಡದಲ್ಲಿ ಪುರಸಭೆಯವರೇ ಕೆರೆ ತೆರೆದಿದೆಯೆಂದು ನಿರ್ಣಯಿಸಿದ್ದರೂ ನೀರು ಮುಟ್ಟಲು ೧೯೨೭ರ ಮಾರ್ಚ್ ೨೦ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದು ಹೋಗಬೇಕಾಯಿತು; ಆ ವ್ಯಾಜ್ಯ ಹೈಕೋರ್ಟಿನಲ್ಲಿ ಇತ್ಯರ್ಥವಾದದ್ದು ೧೯೩೭ರಲ್ಲಿ. ಕಾಗದದ ಮೇಲೆ ಹಕ್ಕು ಬಂದ ಮೇಲೂ ಒಂದು ಬೊಗಸೆ ನೀರಿಗೆ ಹದಿನಾಲ್ಕು ವರ್ಷ.

೧೯೩೨ರಲ್ಲಿ ಪುಣೆ ಒಪ್ಪಂದದ ತರುವಾಯ ಹರಿಜನ ಸೇವಕ ಸಂಘ ಹುಟ್ಟಿತು. ಅದೇ ನವೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತಿಗೆ ಹೊರಟಿದ್ದ ಅಂಬೇಡ್ಕರರು ಹಡಗಿನ ಮೇಲಿನಿಂದಲೇ ಸಂಘದ ಕಾರ್ಯದರ್ಶಿ ಠಕ್ಕರ್ ಬಾಪಾ ಅವರಿಗೆ ದೀರ್ಘವಾದ ಪತ್ರವೊಂದನ್ನು ಬರೆದರು. ಅಸ್ಪೃಶ್ಯರಲ್ಲಿ ಒಬ್ಬೊಬ್ಬರ ಗುಣವನ್ನು ತಿದ್ದುವ ಕೆಲಸಕ್ಕಿಂತ ಬಾವಿ, ಶಾಲೆ, ದಾರಿಗಳ ನಾಗರಿಕ ಹಕ್ಕಿಗಾಗಿ ಊರೂರಿನಲ್ಲಿ ಹೋರಾಡುವುದೇ ಮುಖ್ಯವೆಂದೂ, ಅದರಿಂದ ಗಲಭೆಯಾದರೂ ಹಿಂಜರಿಯಬಾರದೆಂದೂ ಅವರ ಅಭಿಪ್ರಾಯ. ಸಂಘದವರು ಮನಃಪರಿವರ್ತನೆಯ ದಾರಿಯನ್ನೇ ಹಿಡಿದರು. ಈ ಎರಡು ದಾರಿಗಳ ವಾದ ಇಂದಿಗೂ ಮುಗಿದಿಲ್ಲ.

ಮನಃಪರಿವರ್ತನೆಯ ದಾರಿ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯುಂಟು. ೧೯೩೪ರ ಫೆಬ್ರುವರಿಯ ಕೊನೆಯ ವಾರದಲ್ಲಿ ಗಾಂಧೀಜಿಯವರು ಹರಿಜನ ಯಾತ್ರೆಯ ಅಂಗವಾಗಿ ಕಾರವಾರಕ್ಕೆ ಬಂದರು. ಅಂಕೋಲೆಯ ಮೇಲೆ ಹಾದು ಶಿರಸಿ, ಸಿದ್ದಾಪುರಗಳಿಗೆ ಹೋದರು. ಅಂಕೋಲೆಯೆಂದರೆ ೧೯೩೦ರ ಏಪ್ರಿಲ್ ೧೩ರಂದು ಉಪ್ಪಿನ ಕಾನೂನನ್ನು ಮುರಿದ, ಕರನಿರಾಕರಣೆಯಲ್ಲಿ ಮನೆಮಾರು ಕಳೆದುಕೊಂಡ ತಾಲೂಕು. ‘ಕರ್ನಾಟಕದ ಬಾರ್ಡೋಲಿ’ ಎಂದು ಕೀರ್ತಿ ಪಡೆದದ್ದು. ಅಲ್ಲಿಯ ಉಪ್ಪಿನ ಆಗರಗಳಲ್ಲಿ ಪರಂಪರೆಯಿಂದ ದುಡಿದವರು ಆಗೇರರು. ಅವರ ಹೆಸರೇ ಆಗರದಿಂದ ಬಂದದ್ದೆಂದು ಹೇಳುವುದುಂಟು. ಉಪ್ಪಿಗಾಗಿ ನಾಡೆಲ್ಲ ಎದ್ದು ನಿಂತಾಗಲೂ ಉಪ್ಪು ಬೆಳೆದ ಕೈಯಿಂದ ನೀರು ಕುಡಿಯಲು ಒಪ್ಪದ ಸಮಾಜ ನಮ್ಮದಾಗಿತ್ತು. ಇಂಥ ಕಡೆ ಗಾಂಧೀಜಿ ಬಂದದ್ದು ಅಸ್ಪೃಶ್ಯತೆಯ ಮಾತನ್ನಾಡಲು.

ಶಿರಸಿಯ ಮಾರಿಕಾಂಬಾ ದೇವಾಲಯದ ಪ್ರಸಂಗ ಆ ಯಾತ್ರೆಯ ಫಲ. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯಲ್ಲಿ ಪಟ್ಟದ ಕೋಣನನ್ನು ಬಲಿಗೊಡುವ ಪದ್ಧತಿ ಇತ್ತು. ಅಸಾದಿ ಮೊದಲಾದವರು ಜಾತ್ರೆಯ ವಿಧಿಗಳಲ್ಲಿ ಪರಂಪರೆಯ ಪಾತ್ರವುಳ್ಳವರಾದರೂ ಗುಡಿಯ ಪ್ರವೇಶ ಹರಿಜನರಿಗೆ ಇರಲಿಲ್ಲ. ದೇವಾಲಯದ ಆಡಳಿತದವರು ತಾವಾಗಿ ಮುಂದೆ ಬಂದು ಬಲಿಯನ್ನು ನಿಲ್ಲಿಸಿದರು, ಬಾಗಿಲನ್ನು ತೆರೆದರು. ಯಾವ ಕಾಯಿದೆಯೂ ಆಗ ಅವರನ್ನು ಒತ್ತಾಯಿಸುತ್ತಿರಲಿಲ್ಲ. ಮುಂಬಯಿಯ ಹರಿಜನ ದೇವಾಲಯ ಪ್ರವೇಶ ಕಾಯಿದೆ ಬಂದದ್ದು ಹದಿಮೂರು ವರ್ಷ ಕಳೆದ ಮೇಲೆ, ೧೯೪೭ರಲ್ಲಿ. ದಕ್ಷಿಣ ಕನ್ನಡದ ಮೂಲ್ಕಿಯ ವೆಂಕಟರಮಣ ದೇವಾಲಯದ ಪ್ರವೇಶದ ಪ್ರಶ್ನೆ ಮದ್ರಾಸಿನ ಕಾಯಿದೆಯಡಿ ವ್ಯಾಜ್ಯವಾಗಿ ಬೆಳೆದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಲು ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿ ೧೯೫೭ರ ನವೆಂಬರ್ ಬರಬೇಕಾಯಿತೆಂಬುದನ್ನು ನೆನೆದರೆ ಶಿರಸಿಯವರ ಹಿರಿಮೆ ತಿಳಿಯುತ್ತದೆ.

ಆದರೂ ಈ ಒಳ್ಳೆಯ ರಾಜಿಯಲ್ಲಿ ಮೂರು ಸಂಗತಿಗಳು ಕೂಡಿದ್ದವೆಂದು ನಮ್ಮ ಎಣಿಕೆ. ಬಿಟ್ಟುಕೊಡಬೇಕಾದದ್ದನ್ನು ಬಲವುಳ್ಳವರೇ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದು ಊರಿಗೆಲ್ಲ ತಿಳಿಯುವಂತೆ ಬಹಿರಂಗವಾಗಿ ಆಯಿತು. ಹೊರಗಿನ ದೊಡ್ಡ ಕಣ್ಣೊಂದು, ಅದೂ ಗಾಂಧೀಜಿಯ ಕಣ್ಣು, ಅದನ್ನು ನೋಡುತ್ತಿತ್ತು. ಹಳ್ಳಿಯ ಬಾವಿಯ ಕಟ್ಟೆಯ ಮೇಲೆ ನಡೆಯುವ ರಾಜಿಗಳಲ್ಲಿ ಇವು ಮೂರೂ ಇರುವುದಿಲ್ಲ. ಅಲ್ಲಿ ಬಿಟ್ಟುಕೊಡುವವನು ಬಲಹೀನ. ಮಾತು ನಡೆಯುವುದು ರಾತ್ರಿ ಜಗುಲಿಯ ಮೇಲೆ. ನೋಡುವ ಕಣ್ಣು ಇಲ್ಲ.

ಸ್ವಾತಂತ್ರ್ಯದ ಸಂಧಿಕಾಲದಲ್ಲಿ ಮುಂಬಯಿ ಸರಕಾರ ಸಾಲಾಗಿ ಕಾನೂನುಗಳನ್ನು ಮಾಡಿತು. ಅವುಗಳಲ್ಲಿ ೧೯೪೯ರ ಬಹಿಷ್ಕಾರ ಪ್ರತಿಬಂಧಕ ಕಾಯಿದೆ ವಿಶೇಷವಾದದ್ದು. ಜಾತಿಕೂಟಗಳ ಮುಖ್ಯ ಆಯುಧವನ್ನೇ ಅದು ಕಿತ್ತುಕೊಂಡಿತು. ಆದರೆ ದಾವೂದಿ ಬೋಹರಾ ಸಮಾಜದ ಧರ್ಮಗುರುಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೬೨ರಲ್ಲಿ ಅದನ್ನು ಅಸಿಂಧುವೆಂದು ಸಾರಿತು. ಅಷ್ಟರಲ್ಲಿ ೧೯೫೬ರ ನವೆಂಬರ್ ೧ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತ್ತು.

ಸಂವಿಧಾನದ ಹದಿನೇಳನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಬಳಿಕ ಅದಕ್ಕೆ ಕೈಕಾಲು ಕೊಡಲು ೧೯೫೫ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು. ಇದರ ಒಂದು ಉಪಬಂಧವನ್ನು ಸದ್ಭಕ್ತರು ಗಮನಿಸಬೇಕು: ಅಸ್ಪೃಶ್ಯತೆಯನ್ನು ಆಚರಿಸಲು ಒಪ್ಪದ ತಮ್ಮವನನ್ನು ಜಾತಿಯಿಂದ ಹೊರಹಾಕುವ ಕೆಲಸದಲ್ಲಿ ಭಾಗವಹಿಸುವುದೂ ಅಪರಾಧ. ಕೂಟದ ಕಟ್ಟಳೆಯನ್ನು ಮೀರಿ ಹರಿಜನನ ಮನೆಯಲ್ಲಿ ಉಂಡವನಿಗೆ ಕಾನೂನು ರಕ್ಷೆಯಾಗಿ ನಿಂತಿತು.

ಆದರೆ ಅದೇ ಕಾಯಿದೆಯ ಹದಿನೈದನೆಯ ಕಲಮಿನಲ್ಲಿ ಹಳೆಯ ಚಾವಡಿಗೆ ಒಂದು ಕಿಂಡಿಯನ್ನು ಬಿಡಲಾಗಿತ್ತು. ಅಪರಾಧ ಪೊಲೀಸರು ತಾವೇ ಹಿಡಿಯಬಹುದಾದದ್ದು, ಸರಿ. ಆದರೆ ನ್ಯಾಯಾಲಯದ ಅನುಮತಿಯಿಂದ ಪ್ರತಿಯೊಂದನ್ನೂ ರಾಜಿ ಮಾಡಿಕೊಳ್ಳಬಹುದು. ಶಿಕ್ಷೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಐದುನೂರು ರೂಪಾಯಿಯವರೆಗಿನ ದಂಡ. ಈ ಕಿಂಡಿಯಿಂದ ಏನಾಗಬಹುದೆಂದು ಊಹಿಸಲು ಹಳ್ಳಿಯ ಬಾಳನ್ನು ಬಲ್ಲವರಿಗೆ ಕಷ್ಟವಿಲ್ಲ. ದೂರು ದಾಖಲಾದ ದಿನದಿಂದ ಫಿರ್ಯಾದಿಯ ಮನೆಗೆ ಹಿರಿಯರ ಓಡಾಟ. ಅಂಗಡಿಯಲ್ಲಿ ಉದ್ದರಿ ನಿಲ್ಲುತ್ತದೆ, ಕೂಲಿ ನಿಲ್ಲುತ್ತದೆ. ‘ನಾಳೆ ಇದೇ ಊರಿನಲ್ಲಿ ಬಾಳಬೇಕಲ್ಲ’ ಎಂಬ ಮಾತನ್ನು ಹಿತೈಷಿಗಳೇ ಆಡುತ್ತಾರೆ. ಕೊನೆಗೊಂದು ದಿನ ಅವನು ನ್ಯಾಯಾಧೀಶರ ಮುಂದೆ ನಿಂತು ತನಗೆ ಸಮಾಧಾನವಾಗಿದೆಯೆಂದು ಹೆಬ್ಬೆಟ್ಟು ಒತ್ತುತ್ತಾನೆ. ಒತ್ತಿಸಿದವರು ಯಾರೆಂದು ಕಾಗದ ಹೇಳುವುದಿಲ್ಲ.

೧೯೬೫ರಲ್ಲಿ ನೇಮಕವಾದ ಇಳಯಪೆರುಮಾಳ್ ಸಮಿತಿ ದೇಶದ ಸ್ಥಿತಿಯನ್ನು ಪರಿಶೀಲಿಸಿ ೧೯೬೯ರಲ್ಲಿ ವರದಿ ಸಲ್ಲಿಸಿತು. ಅದರ ಫಲವಾಗಿ ೧೯೭೬ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಆ ವರ್ಷದ ನವೆಂಬರ್ ೧೯ರಿಂದ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೊಸ ಹೆಸರನ್ನು ಪಡೆಯಿತು. ಕನಿಷ್ಠ ಒಂದು ತಿಂಗಳ ಸೆರೆ ಕಡ್ಡಾಯವಾಯಿತು. ತನಿಖೆಯನ್ನು ಬೇಕೆಂದೇ ಉಪೇಕ್ಷಿಸುವ ಅಧಿಕಾರಿಯೂ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನೆನಿಸಿದನು. ರಾಜಿಯ ಕಿಂಡಿ ಮುಚ್ಚಿತು. ನಮ್ಮ ದೃಷ್ಟಿಯಲ್ಲಿ ಈ ಕೊನೆಯ ಬದಲಾವಣೆಯೇ ಎಲ್ಲಕ್ಕಿಂತ ದೊಡ್ಡದು. ಒಬ್ಬನಿಗೆ ಬಾವಿಯನ್ನು ನಿರಾಕರಿಸಿದರೆ ಅದು ಅವನ ಮೇಲಿನ ಅಪಕಾರ ಮಾತ್ರವಲ್ಲ, ರಾಷ್ಟ್ರದ ಮೇಲಿನ ಅಪರಾಧ; ಆದ್ದರಿಂದ ಕ್ಷಮಿಸುವ ಹಕ್ಕು ಅವನೊಬ್ಬನದಲ್ಲ ಎಂಬುದು ಇದರ ತಾತ್ಪರ್ಯ. ಕೇಳಲು ಕಠೋರವೆನಿಸಬಹುದು. ಆದರೆ ಕ್ಷಮಿಸುವ ಅಧಿಕಾರ ಅವನಲ್ಲಿಲ್ಲದಿರುವಾಗ, ಅದನ್ನು ಹಿಂಡಿ ತೆಗೆಯಲು ಅವನ ಗುಡಿಸಲಿಗೆ ಯಾರು ಹೋಗುತ್ತಾರೆ?

೧೯೮೯ರ ದೌರ್ಜನ್ಯ ತಡೆ ಕಾಯಿದೆಯೂ ಇದೇ ಹಾದಿ ಹಿಡಿಯಿತು. ೨೦೧೫ರ ತಿದ್ದುಪಡಿ ೨೦೧೬ರ ಜನವರಿ ೨೬ರಿಂದ ಜಾರಿಗೆ ಬಂದು, ಪರಿಶಿಷ್ಟರ ಮೇಲೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹೇರುವುದನ್ನೂ ಬೆದರಿಸುವುದನ್ನೂ ಅಪರಾಧವೆಂದಿತು. ರಾಜಿಗೆಂದೇ ಇರುವ ಲೋಕ ಅದಾಲತ್ತುಗಳಿಗೂ ರಾಜಿಯಾಗಲಾರದ ಅಪರಾಧಗಳನ್ನು ಮುಟ್ಟುವ ಅಧಿಕಾರವಿಲ್ಲ. ೨೦೨೧ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಒಂದು ಮೊಕದ್ದಮೆಯಲ್ಲಿ ಮಾತ್ರ ಸುಪ್ರೀಂ ಕೋರ್ಟು, ನೆರೆಹೊರೆಯವರ ಜಾಗದ ತಂಟೆಯಿಂದ ಹುಟ್ಟಿದ ಪ್ರಕರಣವನ್ನು ಉಭಯರ ರಾಜಿಯ ಮೇಲೆ ಮುಗಿಸಿತು. ಹಾಗೆ ಮುಗಿಸುವಾಗಲೂ, ಜಗಳದ ಮೂಲ ಜಾತಿಯೋ ಖಾಸಗಿ ವ್ಯಾಜ್ಯವೋ, ಒಪ್ಪಿಗೆ ಒತ್ತಾಯವಿಲ್ಲದ್ದೋ ಎಂದು ನ್ಯಾಯಾಲಯವೇ ನೋಡಬೇಕೆಂದು ಎಚ್ಚರಿಸಿತು. ಹಿರಿಯರ ಚಾವಡಿ ಇಷ್ಟನ್ನು ನೋಡುವುದಿಲ್ಲ.

ಕಾನೂನು ಕಿಂಡಿಯನ್ನು ಮುಚ್ಚಿದ ಮೇಲೂ ಗೋಡೆಯಲ್ಲಿ ಬಿರುಕುಗಳು ಉಳಿದಿವೆ. ೨೦೦೦ದ ಮಾರ್ಚ್ ೧೧ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸಜೀವ ದಹನವಾದರು. ಸಾಕ್ಷಿಗಳು ತಿರುಗಿಬಿದ್ದು ೨೦೦೬ರಲ್ಲಿ ಆರೋಪಿಗಳು ಬಿಡುಗಡೆ ಹೊಂದಿದರು. ಸಾಕ್ಷಿ ತಿರುಗಿಬೀಳುವುದೆಂದರೆ ಹೆಸರಿಲ್ಲದ ರಾಜಿಯೇ ಅಲ್ಲವೆ?

ಕರಾವಳಿಯ ಮಾತಿನಿಂದ ದೂರ ಬಂದೆವೆಂದು ವಾಚಕರು ತಿಳಿಯಬಾರದು. ಗೌಡ-ಬುಧವಂತರ ಕಾಲದ ದಂಡದ ಪದ್ಧತಿ ಹೊಸ ವೇಷದಲ್ಲಿ ಎಲ್ಲಿ ತಲೆಯೆತ್ತಿತೆಂಬುದನ್ನು ಹೇಳದಿದ್ದರೆ ಈ ಚರಿತ್ರೆ ಪೂರ್ಣವಾಗದು. ೨೦೨೧ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ, ಹುಟ್ಟುಹಬ್ಬದ ದಿನ ಹೆತ್ತವರೊಡನೆ ಬಂದ ಎರಡು ವರ್ಷದ ಪರಿಶಿಷ್ಟ ಜಾತಿಯ ಮಗುವೊಂದು ಓಡಿ ಆಂಜನೇಯನ ಗುಡಿಯನ್ನು ಹೊಕ್ಕಿತು. ಊರ ಹಿರಿಯರು ಸೇರಿ, ಗುಡಿಯ ಶುದ್ಧಿಗೂ ದಂಡಕ್ಕೂ ಎಂದು ಇಪ್ಪತ್ತೈದು ಸಾವಿರ ರೂಪಾಯಿ ಕೇಳಿದರು. ಮರುವರ್ಷ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ, ದೇವರ ಕೋಲನ್ನು ಮುಟ್ಟಿದ ಹುಡುಗನ ಮನೆಯವರಿಗೆ ಅರವತ್ತು ಸಾವಿರ. ಎರಡು ಕಡೆಯೂ ಕೂಟ ನಡೆದದ್ದು ‘ಊರಿನಲ್ಲಿಯೇ ಮುಗಿಸೋಣ’ ಎಂಬ ಭಾವನೆಯಿಂದಲೇ. ಆದರೆ ಅಲ್ಲಿ ಫಿರ್ಯಾದಿಗಳು ಗುಡಿಯವರು, ಆರೋಪಿ ಒಂದು ಕೂಸು. ಮಿಯಾಪುರದಲ್ಲಿ ಅಧಿಕಾರಿಗಳು ಬಂದು ತಿಳಿವಳಿಕೆ ಹೇಳಿದ ಮೇಲೆ ಹಿರಿಯರು ಕ್ಷಮೆ ಕೇಳಿದರು. ಊರಿನಲ್ಲಿ ವೈರ ಬೆಳೆದೀತೆಂಬ ಅಂಜಿಕೆಯಿಂದ ಮಗುವಿನ ತಂದೆತಾಯಿಗಳು ದೂರು ಕೊಡಲು ಮುಂದಾಗಲಿಲ್ಲ. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಯೊಬ್ಬರು ತಾವೇ ಫಿರ್ಯಾದಿಯಾಗಿ ಠಾಣೆಗೆ ಹೋದರು. ಪ್ರಕರಣ ದಾಖಲಾಗಿ ಐವರ ಬಂಧನವಾಯಿತು.